ಉಣ್ಣೆಯಕ್ಕನ ಚಳಿಗಾಲ

ಚಳಿಗೆ ನೀರೂ ಹೆಪ್ಪುಗಟ್ಟುವ ಆ ಬೆಟ್ಟದೂರಿನ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಉಣ್ಣೆಯಕ್ಕ. ಗಂಡ ನಗರಸಭೆಯಲ್ಲಿ ನೀರು ಬಿಡುವ ಕೆಲಸದವನು, ಆದ್ದರಿಂದ ಅವನು ನೀರಣ್ಣ.

“ಉಣ್ಣೆಯಕ್ಕ ಉಣ್ಣೋದಕ್ಕಿಂತ ಉಳಿಸೋದೇ ಜಾಸ್ತಿ” ಎಂದು ಪಕ್ಕದ ಬೇಕರಿಯವನು ರೇಗಿಸುತ್ತಿದ್ದ.

“ಇವತ್ತು ಉಳಿಸಿದ್ದನ್ನೇ ಅಲ್ವೇನಪ್ಪ ನಾಳೆ ಉಣ್ಣೋದು? ನಿನ್ನ ಬೇಕರೀಲಿ ನಿನ್ನೆ ಉಳಿದ ಬನ್ನು ಇವತ್ತು ಹೆಸರು ಬದಲಾಯಿಸ್ಕೊಂಡು ಕೂತಿರುತ್ತಲ್ಲ, ಹಂಗೆ” ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಬೇಕರಿಯವನ ಹೆಂಡತಿ ಗಲ್ಲಾಪೆಟ್ಟಿಗೆಯ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಉಣ್ಣೆಯಕ್ಕನನ್ನು ಜಿಪುಣಿ ಎನ್ನುವಂತಿರಲಿಲ್ಲ. ಕೇಳಿದವರಿಗೆ ಇಲ್ಲವೆಂದವಳಲ್ಲ. ಆದರೆ ಯಾವುದನ್ನೂ ಎಸೆಯಲು ಅವಳಿಗೆ ಬಾರದು. ಸವೆದ ಸೋಪಿನ ಚೂರುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಒತ್ತಿ, ಮತ್ತೊಂದು ಸೋಪು ಮಾಡುತ್ತಿದ್ದಳು. ಉರಿದು ಮುಗಿದ ಮೇಣದ ಹನಿಗಳನ್ನು ಕೆರೆದಿಟ್ಟು ಕಿಟಕಿಯ ಚೌಕಟ್ಟಿಗೆ ಸವರುತ್ತಿದ್ದಳು. ಇನ್ನು ಉಣ್ಣೆಯ ವಿಷಯ ಹೇಳುವುದೇ ಬೇಡ. ಒಂದು ಸಲ ಅವಳ ಕೈಗೆ ಬಂದ ಉಣ್ಣೆಗೆ ಸಾವೇ ಇರಲಿಲ್ಲ. ಗಂಡನ ಸ್ವೆಟರಿನ ಮೊಣಕೈ ಹರಿದರೆ ಅದನ್ನು ಪೂರ್ತಿ ಬಿಚ್ಚಿ, ಲಡಿ ಮಾಡಿ ತೊಳೆದು, ಸುಕ್ಕು ಹೋಗಲೆಂದು ತುದಿಗೊಂದು ಭಾರ ಕಟ್ಟಿ ನೇತುಹಾಕುವಳು. ಒಣಗಿದ ಮೇಲೆ ಅದು ಅವಳದೇ ತೋಳಿಲ್ಲದ ಸ್ವೆಟರ್ ಆಗುವುದು. ಅದು ಸವೆದರೆ ಕಾಲುಚೀಲ, ಕಾಲುಚೀಲ ತೂತಾದರೆ ಟೊಪ್ಪಿಗೆ, ಟೊಪ್ಪಿಗೆಯೂ ಸೋತರೆ ನಾಯಿಯ ಮೈಗವಸು. ಅದರ ನಂತರವೂ ಉಳಿದ ತುಂಡುಗಳು ದಿಂಬಿನ ಹೊಟ್ಟೆ ಸೇರುವವು. ಪ್ರತಿವರ್ಷ ಬೆಳಗಿನ ಗಾಳಿ ಮೂಗಿನ ತುದಿ ಕಚ್ಚಲು ಶುರುಮಾಡಿತೆಂದರೆ ಟ್ರಂಕು ಹೊರಗೆ ಬರುವುದು. ಬೀದಿಯವರೂ ತಮ್ಮ ಹರಿದ ಸ್ವೆಟರು, ಶಾಲುಗಳನ್ನು ಅವಳ ಬಾಗಿಲಿಗೆ ತಂದುಕೊಡುವರು. ಅವಳ ಮನೆಯ ಮುಂದೆ ಬಣ್ಣಬಣ್ಣದ ಲಡಿಗಳು ತೂಗಾಡಿದರೆ, ಚಳಿಗಾಲ ಊರ ಬಾಗಿಲಿಗೆ ಬಂತು ಎಂದೇ ಅರ್ಥ.

ಆ ನಾಯಿ ಬಂದದ್ದೂ ಒಂದು ಚಳಿಗಾಲದಲ್ಲೇ. ನೀರಣ್ಣ ವಾಲ್ವಿನ ಗುಂಡಿಯ ಮುಚ್ಚಳ ತೆಗೆದಾಗ ಒಳಗೆ ನಡುಗುತ್ತಾ ಕೂತಿದ್ದ ಮರಿಯನ್ನು ಕೋಟಿನೊಳಗೆ ಹಾಕಿಕೊಂಡು ಬಂದಿದ್ದ. “ನಮಗೇ ಹಾಸಿದ್ರೆ ಹೊದೆಯೋಕಿಲ್ಲ, ಇದಕ್ಕೊಂದು ಬಾಯಿ ಬೇರೆ” ಎಂದು ಅವಳು ಗೊಣಗಿ ಊಟಕ್ಕೆ ಕೂತಳು. ಮರಿ ಎದುರಿಗೆ ಕೂತು ಅವಳು ಎತ್ತಿದ ಒಂದೊಂದು ತುತ್ತನ್ನೂ ತಟ್ಟೆಯಿಂದ ಬಾಯಿಯವರೆಗೆ ಕಣ್ಣಲ್ಲೇ ಹಿಂಬಾಲಿಸಿತು. “ನೋಡಿ ಇವನನ್ನ! ಆಸ್ತೀಲಿ ಪಾಲು ಕೇಳೋಕೆ ಬಂದ ದಾಯಾದಿ ಥರ ಕೂತಿದಾನೆ” ಎಂದು ನಗುತ್ತಾ ತಟ್ಟೆಯ ಅಂಚಿನಿಂದ ಒಂದು ಪಾಲು ಕೊಟ್ಟಳು. ಅಂದಿನಿಂದ ಅವನು ಪಾಲುಗಾರ. ಮಕ್ಕಳಿಲ್ಲದ ಮನೆ. ಅವಳು ಬೈಯಲು, ಕೊಂಡಾಡಲು, ಮೈಗವಸು ತೊಡಿಸಿ ಚಂದ ನೋಡಲು ಪಾಲುಗಾರನೇ ಆದ. ಗಂಡನಿಗಿಂತ ಹೆಚ್ಚಾಗಿ ಅವಳ ಮಾತನ್ನೇ ಅವನು ಕೇಳುತ್ತಿದ್ದ. “ಕೂತ್ಕೋ” ಎಂದರೆ ಅವಳು “ಸಾಕು” ಎನ್ನುವವರೆಗೂ ಕೂತೇ ಇರುವ ಪ್ರಾಣಿ ಅದು.

ಈಗ ಪಾಲುಗಾರನಿಗೂ ವಯಸ್ಸಾಗಿತ್ತು. ಮೂತಿ ನರೆತು, ಹಿಂಗಾಲು ಎಳೆಯುತ್ತಿತ್ತು. ಆದರೆ ಆ ವರ್ಷ ನೀರಣ್ಣನ ಎದೆಗೆ ಮೊದಲು ಅಳುಕು ಹುಟ್ಟಿಸಿದ್ದು ನಾಯಿಯಲ್ಲ, ಹೆಂಡತಿ.

ಮೊದಲು ಸಕ್ಕರೆ ಡಬ್ಬಿಯಲ್ಲಿ ಸೋಪಿನ ಚೂರು ಸಿಕ್ಕಿತು. ಚಹಾ ನೊರೆಯೆದ್ದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಾಸಿಗೆಯಲ್ಲಿ ಏನೋ ಚುಚ್ಚುತ್ತದೆಂದು ದಿಂಬಿನ ಚೀಲ ಬಿಚ್ಚಿದರೆ ಒಣಗಿದ ಬ್ರೆಡ್ಡಿನ ಚೂರುಗಳು. “ಪಾಲುಗಾರನಿಗೆ ಅಂತ ಎತ್ತಿಟ್ಟಿದ್ದೆ” ಎಂದಳು. “ದಿಂಬಿನಲ್ಲಾ?” ಎಂದು ಅವನು ಕೇಳಿದ. ಅವಳು ದಿಂಬನ್ನೂ ಅವನನ್ನೂ ನೋಡಿ, ಯಾರೋ ತನ್ನ ಮೇಲೆ ಕಳ್ಳತನ ಹೊರಿಸಿದಂತೆ ಮುಖ ಸಣ್ಣದು ಮಾಡಿಕೊಂಡಳು. ಅವತ್ತು ಯಾರೂ ನಗಲಿಲ್ಲ.

ಒಂದು ಬೆಳಿಗ್ಗೆ ಬೇಕರಿಯಮ್ಮ ನೀರಣ್ಣನನ್ನು ಪಕ್ಕಕ್ಕೆ ಕರೆದಳು.

“ಅಣ್ಣ, ಬೇಜಾರು ಮಾಡ್ಕೋಬೇಡಿ. ನಿನ್ನೆ ಅಕ್ಕ ಬ್ರೆಡ್ಡು ತಗೊಳ್ಳೋಕೆ ಬಂದ್ರು. ನನ್ನ ಮುಖ ನೋಡಿ, ‘ನೀವು ಹೊಸದಾಗಿ ಬಂದಿರೋರಾ?’ ಅಂದ್ರು.”

“ತಮಾಷೆಗೆ ಅಂದಿರ್ತಾಳೆ.”

“ಇಷ್ಟು ವರ್ಷದಲ್ಲಿ ಅವರ ತಮಾಷೆ ಯಾವುದು ಅಂತ ನನಗೆ ಗೊತ್ತಾಗಲ್ವಾ ಅಣ್ಣ?”

ನೀರಣ್ಣನಿಗೆ ಸಿಟ್ಟು ನೆತ್ತಿಗೇರಿತು. “ನಿಮ್ಮ ವ್ಯಾಪಾರ ನೀವು ನೋಡ್ಕೊಳ್ಳಿ” ಎಂದು ಸೈಕಲ್ ಏರಿ ಹೊರಟ. ಆದರೆ ಅಂದು ಮಾರ್ಕೆಟ್ ಬೀದಿಯ ವಾಲ್ವು ತಿರುಗಿಸುವ ಬದಲು ಆಸ್ಪತ್ರೆ ರಸ್ತೆಯ ವಾಲ್ವು ತಿರುಗಿಸಿ, ಎರಡೂ ಕಡೆಯವರಿಂದ ಬೈಸಿಕೊಂಡ.

ಚಳಿ ಶುರುವಾಯಿತು. ಟ್ರಂಕು ಹೊರಬಂತು. ಉಣ್ಣೆಯಕ್ಕ ಹಿಂದಿನಂತೆಯೇ ಅಂಗಳದಲ್ಲಿ ಕೂತು, ಕಾಲ ಬಳಿ ನಾಯಿಯನ್ನು ಮಲಗಿಸಿಕೊಂಡು, ಬಿಚ್ಚುವ ಕೆಲಸಕ್ಕೆ ಕೈಹಾಕಿದಳು. ಅದನ್ನು ಕಂಡು ನೀರಣ್ಣನಿಗೆ ಹೋದ ಜೀವ ಬಂದಂತಾಯಿತು. ಕೈ ತಪ್ಪದ ಮೇಲೆ ತಲೆ ಎಲ್ಲಿ ತಪ್ಪೀತು ಎಂದುಕೊಂಡ.

ಒಂದು ಸಂಜೆ ಅವನು ಕೆಲಸ ಮುಗಿಸಿ ಬರುವ ಹೊತ್ತಿಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ, ಕುರ್ಚಿಯ ಮೇಲೆ, ಒಲೆಯ ಪಕ್ಕದ ಸೌದೆಯ ಮೇಲೆ, ಎಲ್ಲೆಲ್ಲೂ ಉಣ್ಣೆಯ ಉಂಡೆಗಳು. ಕೆಂಪು, ಬೂದು, ಹಸಿರು, ಕಂದು. ನಡುವೆ ಅವಳು ರಾಣಿಯಂತೆ ಕೂತಿದ್ದಳು.

“ಎಲ್ಲಾ ಬಿಚ್ಚಿಬಿಟ್ಟೆ ಕಣ್ರೀ” ಎಂದಳು. ಮುಖದಲ್ಲಿ ಹೊಳಪು. “ಇನ್ನು ಹೆಣೆದುಬಿಟ್ರೆ ಮುಗೀತು, ಚಳಿಗಾಲ ನಮ್ಮ ಕೂದಲೂ ಕೊಂಕಿಸೋಕಾಗಲ್ಲ.”

“ಎಲ್ಲಾ ಅಂದ್ರೆ?”

“ಎಲ್ಲಾ ಅಂದ್ರೆ ಎಲ್ಲಾ.”

ಅವನು ಟ್ರಂಕಿನೊಳಗೆ ಇಣುಕಿದ. ತಳ ಕಾಣುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದ ಅವನ ಗಟ್ಟಿ ಸ್ವೆಟರ್ ಇರಲಿಲ್ಲ. ಅದಕ್ಕೆ ತೇಪೆಯೂ ಬೇಕಿರಲಿಲ್ಲ, ಹೋದ ವರ್ಷವಷ್ಟೇ ಹೆಣೆದದ್ದು. ಅವಳ ಶಾಲು ಇರಲಿಲ್ಲ. ಪಾಲುಗಾರ ಬರಿಮೈಯಲ್ಲಿ ಮೂಲೆಗೆ ಒತ್ತಿಕೊಂಡಿದ್ದ. ರಿಪೇರಿಗೆಂದು ಬೀದಿಯವರು ಕೊಟ್ಟಿದ್ದ ಬಟ್ಟೆಗಳ ಗಂಟು ಖಾಲಿಯಾಗಿ ನೆಲದ ಮೇಲೆ ಬಿದ್ದಿತ್ತು.

“ಅವು ಬೇರೆಯವರದಲ್ವೇನೇ? ತೂತು ಮುಚ್ಚಿ ಕೊಡು ಅಂತ ಕೊಟ್ಟಿದ್ದು.”

“ಹಳೇದಾಗಿತ್ತು” ಎಂದಳು. “ಹೊಸದು ಮಾಡಿಕೊಡ್ತೀನಿ. ಅವರೇ ಖುಷಿಪಡ್ತಾರೆ ನೋಡ್ತಿರಿ.”

ಮಾರನೆಯ ದಿನ ಅವಳು ಕಡ್ಡಿ ಹಿಡಿದು ಕೂತಳು. ಮೊದಲ ಸಾಲಿನ ಕುಣಿಕೆಗಳು ಸಲೀಸಾಗಿ ಬಿದ್ದವು. ಬೆರಳಿಗೆ ಅದು ರೂಢಿ. ಆಮೇಲೆ ಕಡ್ಡಿ ಗಾಳಿಯಲ್ಲೇ ನಿಂತಿತು. ಎಡಗಡ್ಡಿ ನೋಡಿದಳು, ಬಲಗಡ್ಡಿ ನೋಡಿದಳು. ಒಂದು ಕುಣಿಕೆಯೊಳಗೆ ತುದಿ ತೂರಿಸಿ ತೆಗೆದಳು. ಬಿಚ್ಚಿದಳು. ಮತ್ತೆ ಮೊದಲ ಸಾಲು ಹಾಕಿದಳು. ಮತ್ತೆ ನಿಂತಳು. ನೀರಣ್ಣ ಒಲೆಗೆ ಸೌದೆ ಒಟ್ಟುವ ನೆಪದಲ್ಲಿ ನೋಡುತ್ತಲೇ ಇದ್ದ. ಒಂದು ವಾರ ಕಳೆದರೂ ಹೆಣಿಗೆ ಮೊದಲ ಸಾಲು ದಾಟಲಿಲ್ಲ. ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ಅವನ ಸ್ವೆಟರಿನ ಉಣ್ಣೆ ಸವೆದು ನೂಲಿನಂತಾಯಿತು.

“ರೀ, ಇದಾದ ಮೇಲೆ ಏನು?” ಎಂದು ಒಂದು ಮಧ್ಯಾಹ್ನ ಅವಳೇ ಕೇಳಿದಳು. ಸಣ್ಣ ದನಿ, ಯಾರಿಗೂ ಕೇಳಿಸಬಾರದೆಂಬಂತೆ.

ಪೈಪಿನ ಜೋಡಣೆ ಬಿಟ್ಟು ಬೇರೆ ಏನೂ ತಿಳಿಯದ ಗಂಡಸು ಏನು ಹೇಳಿಯಾನು? “ನಾಳೆ ನೆನಪಾಗುತ್ತೆ ಬಿಡು” ಎಂದ.

ಬೀದಿಯವರಿಗೆ ಸುದ್ದಿ ಮುಟ್ಟಿಸಬೇಕಿತ್ತು. ಅವನು ಉಂಡೆಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಮನೆಗೆ ಹೋದ. ಯಾವ ಉಣ್ಣೆ ಯಾರದೆಂದು ಅವನಿಗೂ ತಿಳಿಯದು. ಬಣ್ಣ ಹೇಳಿ ಗುರುತು ಹಿಡಿಯಬೇಕು. ಬೇಕರಿಯಮ್ಮ ಏನೂ ಕೇಳದೆ ತನ್ನ ಪಾಲಿನ ಹಸಿರು ಉಂಡೆ ತೆಗೆದುಕೊಂಡು, “ಹೋಗ್ಲಿ ಬಿಡಿ ಅಣ್ಣ, ಇದೇನು ಪ್ರಾಣ ಹೋಗೋ ವಿಷಯವಾ” ಎಂದಳು. ಅವತ್ತು ಬೈದದ್ದಕ್ಕೆ ಅವನು ತಲೆ ತಗ್ಗಿಸಿದ. ಕೆಲವರು ಗೊಣಗಿದರು. ಕೊನೆಯ ಮನೆ ಪೋಸ್ಟ್‌ಮ್ಯಾನನದು. ಅವನು ಕೊಟ್ಟಿದ್ದು ತೀರಿಹೋದ ಅವನ ತಾಯಿ ಹೆಣೆದ ಕಂದು ಸ್ವೆಟರ್. ತೋಳಿನ ಅಂಚು ಮಾತ್ರ ಬಿಟ್ಟುಕೊಂಡಿತ್ತು. ಪೋಸ್ಟ್‌ಮ್ಯಾನ್ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುವಿ ನೋಡಿದ.

“ಇದು ನಮ್ಮಮ್ಮನ ಕೈದು, ನೀರಣ್ಣ” ಎಂದ.

“ಗೊತ್ತಪ್ಪ. ಅವಳಿಗೆ ಹುಷಾರಿಲ್ಲ. ಬೇಕಂತ ಮಾಡಿದ್ದಲ್ಲ.”

“ಬೇಕಂತ ಮಾಡಿದ್ರೆ ಬೈಬಹುದಿತ್ತಲ್ಲ” ಎಂದ ಪೋಸ್ಟ್‌ಮ್ಯಾನ್, ಮತ್ತು ಮೆಲ್ಲಗೆ ಬಾಗಿಲು ಹಾಕಿಕೊಂಡ.

ನೀರಣ್ಣ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರಮ್ಮ ಅವಳೊಡನೆ ಬಹಳ ಹೊತ್ತು ಮಾತಾಡಿದಳು. ಇವತ್ತು ಯಾವ ವಾರ, ಈ ವಸ್ತುವಿಗೆ ಏನನ್ನುತ್ತಾರೆ, ಗಡಿಯಾರದ ಚಿತ್ರ ಬರೆಯಿರಿ. ಉಣ್ಣೆಯಕ್ಕ ಗಡಿಯಾರದ ಅಂಕಿಗಳನ್ನೆಲ್ಲ ಒಂದೇ ಬದಿಗೆ ಒತ್ತಿ ಬರೆದಳು. “ಈ ಕಡೆ ಜಾಗ ಯಾಕೆ ಬಿಟ್ರಿ?” ಎಂದು ಕೇಳಿದರೆ, “ಕಾಗದ ಉಳೀಲಿ ಅಂತ” ಎಂದಳು. ಡಾಕ್ಟರಮ್ಮ ಅದನ್ನು ಬರೆದುಕೊಂಡಳು. ಆಮೇಲೆ ನೀರಣ್ಣನನ್ನು ಒಬ್ಬನನ್ನೇ ಕರೆದಳು.

“ಇದು ಮರೆವಿನ ಕಾಯಿಲೆ. ಹೋದದ್ದು ವಾಪಸ್ ಬರೋದಿಲ್ಲ. ಇರೋದನ್ನ ಸ್ವಲ್ಪ ದಿನ ಹಿಡಿದಿಡೋಕೆ ಮಾತ್ರೆ ಕೊಡ್ತೀನಿ, ಅಷ್ಟೇ. ಇವರನ್ನ ಮನೇಲಿ ಒಬ್ರನ್ನೇ ಬಿಡಬೇಡಿ.”

“ಹಾಗಾದ್ರೆ ಊರಿಗೆ ನೀರು ಯಾರಮ್ಮ ಬಿಡ್ತಾರೆ?”

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕುತ್ತಾ, “ಮನೇಲಿ ಬೇರೆ ಯಾರೂ ಇಲ್ವಾ?” ಎಂದಳು.

“ಒಂದು ನಾಯಿ ಇದೆ” ಎಂದ ನೀರಣ್ಣ. ಅದನ್ನು ಅವನು ತಮಾಷೆಗೆ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಚಳಿಗಾಲದ ತಯಾರಿಯೆಲ್ಲ ಅವನ ಹೆಗಲಿಗೆ ಬಿತ್ತು. ಇಷ್ಟು ವರ್ಷ ಅವಳು ಹೇಗೆ ಮಾಡುತ್ತಿದ್ದಳೆಂದು ಅವನು ಕಣ್ಣೆತ್ತಿ ನೋಡಿದವನೇ ಅಲ್ಲ. ಮೈದಾ ಅಂಟು ಕಾಯಿಸಿ, ಹಳೇ ಪೇಪರಿನ ಪಟ್ಟಿಗಳನ್ನು ಕಿಟಕಿಯ ಸಂದಿಗೆ ಅಂಟಿಸಿದ. ಅಂಟು ಗಂಟುಗಂಟಾಗಿ ಗೋಡೆಯ ಮೇಲೆ ಇಳಿಯಿತು. ಸೌದೆ ತಂದು ಒಟ್ಟಿದ, ಒಣಗಿದ್ದು ಅಡಿ ಸೇರಿ ಹಸಿ ಸೌದೆ ಮೇಲೆ ಬಂತು. ಆಲೂಗಡ್ಡೆಯನ್ನು ಬೆಳಕಿನಲ್ಲಿಟ್ಟು ಹಸಿರಾಗಿಸಿದ. ಗುಜರಿ ಅಂಗಡಿಯಿಂದ ಇಬ್ಬರಿಗೂ ಒಂದೊಂದು ದಪ್ಪ ಕೋಟು ತಂದ. ಅವಳದ್ದು ದೊಗಳೆ, ಅವನದು ಬಿಗಿ. ನಾಯಿಗೆ ಹಳೇ ಗೋಣಿಚೀಲ ಕತ್ತರಿಸಿ ಹೊಟ್ಟೆಗೆ ದಾರ ಕಟ್ಟಿದ. ಪಾಲುಗಾರ ಅದನ್ನು ಮರ್ಯಾದೆಗೇಡು ಎಂಬಂತೆ ಕಚ್ಚಿ ಎಳೆದು ಹಾಕುತ್ತಿದ್ದ.

ನಡುನಡುವೆ ಅವಳು ಇದ್ದಕ್ಕಿದ್ದಂತೆ ಮೊದಲಿನ ಉಣ್ಣೆಯಕ್ಕನಾಗುತ್ತಿದ್ದಳು. ಒಮ್ಮೆ ಅವನು ಸ್ಟೂಲಿನ ಮೇಲೆ ನಿಂತು ಪಟ್ಟಿ ಅಂಟಿಸುವಾಗ ಕೆಳಗಿನಿಂದ ಬಂತು ದನಿ: “ಆ ಮೇಲಿನ ಕಿಂಡಿ ಯಾರಪ್ಪನ ಮನೆಗೆ ಬಿಟ್ರಿ? ಎಂಥ ನೀರು ಬಿಡೋರಪ್ಪ ನೀವು, ಒಂದು ಗಾಳಿ ತಡೆಯೋಕಾಗಲ್ಲ!” ಬೈಗುಳ ಕೇಳಿ ಅವನು ಸ್ಟೂಲಿನ ಮೇಲೇ ಕಣ್ಣೊರೆಸಿಕೊಂಡ. ಅವತ್ತು ಇಡೀ ದಿನ ಅವನಿಗೆ ಹಬ್ಬ. ಸಂಜೆಗೆ ಅವಳು ಒಲೆಯ ಮುಂದೆ ನಿಂತು ಬೆಂಕಿಯನ್ನು ನೋಡುತ್ತಾ, “ಇದನ್ನ ಆರಿಸೋದು ಹೇಗೆ?” ಎಂದು ಕೇಳಿದಳು.

ಇನ್ನೂ ಬೆಳಕು ಹರಿಯುವ ಮುನ್ನ ಅವನು ಕೆಲಸಕ್ಕೆ ಹೊರಡಬೇಕು. ಮೊದಲೆಲ್ಲ ಮೂರು ಹೊತ್ತು ಹೊರಗೆ ಇರುತ್ತಿದ್ದವನು, ಈಗ ಒಂದು ಬೀದಿಯ ವಾಲ್ವು ತಿರುಗಿಸಿ ಸೈಕಲ್ ತುಳಿದು ಮನೆಗೆ ಬಂದು, ಅವಳನ್ನು ನೋಡಿ, ಮತ್ತೊಂದು ಬೀದಿಗೆ ಓಡುತ್ತಿದ್ದ. ಅವನಿಲ್ಲದ ಹೊತ್ತಿಗೆ ಕಾವಲು ಪಾಲುಗಾರನದು. ಯಾರೂ ಅವನಿಗೆ ಕಲಿಸಿದ್ದಲ್ಲ. ಅವಳು ಚಪ್ಪಲಿಯಿಲ್ಲದೆ ಬಾಗಿಲ ಕಡೆ ನಡೆದರೆ ಅಡ್ಡ ಮಲಗುತ್ತಿದ್ದ. ದಾಟಿ ಹೋದರೆ ಬೇಕರಿಯ ತನಕ ಕೇಳುವಂತೆ ಬೊಗಳುತ್ತಿದ್ದ. ಎರಡು ಸಲ ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳನ್ನು ರಸ್ತೆಯಿಂದ ಕರೆತಂದಿದ್ದಳು. ಹೊರಡುವಾಗ ನೀರಣ್ಣ ನಾಯಿಯ ಕಿವಿ ಹಿಡಿದು, “ನೋಡ್ಕೊಳ್ಳಪ್ಪ. ನೀನೇ ಈಗ ಈ ಮನೆ ಯಜಮಾನ” ಎನ್ನುತ್ತಿದ್ದ. ಅದು ಅವನ ಮುಖವನ್ನೊಮ್ಮೆ ನೋಡಿ, ಎದ್ದು ಹೋಗಿ ಅವಳ ಕಾಲ ಬಳಿ ಮಲಗುತ್ತಿತ್ತು.

ಆ ವರ್ಷದ ಅತಿ ಕೆಟ್ಟ ಚಳಿ ಒಂದು ಶುಕ್ರವಾರ ಬಿತ್ತು. ಬೆಳಗಿನ ಹೊತ್ತಿಗೆ ಬಕೆಟ್ಟಿನ ನೀರು ಕಲ್ಲಾಗಿತ್ತು. ದೊಡ್ಡ ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪು ಹೆಪ್ಪುಗಟ್ಟಿ ಸೀಳಿತು. ನೀರು ರಸ್ತೆಗೆ ನುಗ್ಗಿ ಅಲ್ಲೇ ಗಾಜಿನಂತೆ ಗಟ್ಟಿಯಾಗುತ್ತಿತ್ತು. ಮೇಸ್ತ್ರಿ ಎಲ್ಲರನ್ನೂ ಗುಂಡಿಗೆ ಇಳಿಸಿದ. ನೀರಣ್ಣ ಮಧ್ಯಾಹ್ನ ಒಮ್ಮೆ, “ಒಂದು ಗಳಿಗೆ ಮನೆಗೆ ಹೋಗಿ ಬರ್ತೀನಿ ಮೇಸ್ತ್ರಿ” ಎಂದು ಕೇಳಿದ. “ಆಸ್ಪತ್ರೆಗೆ ಹನಿ ನೀರಿಲ್ಲ, ನಿನಗೆ ಮನೆ ಚಿಂತೆ” ಎಂದ ಮೇಸ್ತ್ರಿ. ಅವನು ಹೇಳಿದ್ದರಲ್ಲೂ ತಪ್ಪಿರಲಿಲ್ಲ. ನಾಯಿ ಇದೆಯಲ್ಲ ಎಂದುಕೊಂಡು ನೀರಣ್ಣ ಮತ್ತೆ ಹಾರೆ ಹಿಡಿದ.

ಮನೆ ತಲುಪುವಾಗ ಹೊತ್ತು ಮುಳುಗುತ್ತಿತ್ತು. ಬಾಗಿಲ ಮುಂದೆ ಹೊಸ್ತಿಲಿಗೆ ಬೆನ್ನು ಒತ್ತಿ, ಮೂತಿಯನ್ನು ಬಾಲದೊಳಗೆ ಹುದುಗಿಸಿ, ಪಾಲುಗಾರ ಮಲಗಿದ್ದ. ಮೈಮೇಲೆ ಗೋಣಿಯೂ ಇರಲಿಲ್ಲ. ಕೂದಲ ತುದಿಗಳಲ್ಲಿ ಬಿಳಿ ಮಂಜು ಕೂತಿತ್ತು. “ಏಯ್, ಹೊರಗೇಕೋ ಬಂದೆ?” ಎಂದು ಬಗ್ಗಿ ಮುಟ್ಟಿದ. ಕೈಗೆ ತಾಗಿದ್ದು ಸೌದೆಯ ಕೊರಡಿನಂಥ ಗಡಸು. ಬಾಗಿಲಿನ ಕೆಳಭಾಗದ ಬಣ್ಣವೆಲ್ಲ ಪರಚಿ ಹೋಗಿತ್ತು.

ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಅವನು ಬಡಿದ. ಒಳಗಿನಿಂದ ಅವಳ ದನಿ ಬಂತು, ನೆಮ್ಮದಿಯ ದನಿ.

“ಯಾರು?”

“ನಾನು ಕಣೇ. ತೆಗಿ.”

ಚಿಲಕದ ಜತೆ ಬಹಳ ಹೊತ್ತು ಹೆಣಗಿ ತೆಗೆದಳು. “ಸದ್ಯ ಬಂದ್ರಲ್ಲ. ಯಾರ ಮನೆ ನಾಯಿಯೋ ಏನೋ, ಒಳಗೆ ಬಂದು ಒಲೆ ಮುಂದೆ ಮಲಗಿಬಿಟ್ಟಿತ್ತು. ಹೊರಗೆ ಹಾಕಿ ಕೂತ್ಕೋ ಅಂದೆ. ಬೆಳಗ್ಗಿಂದ ಒಂದೇ ಸಮ ಬೊಗಳಿ ತಲೆ ಚಿಟ್ಟು ಹಿಡಿಸ್ತು. ಈಗ ಸುಮ್ಮನಾಯ್ತು ನೋಡಿ.”

ನೀರಣ್ಣ ಹೊಸ್ತಿಲ ಮೇಲೆ ಕೂತು ಪಾಲುಗಾರನ ಕೂದಲ ಮೇಲಿನ ಮಂಜನ್ನು ಕೈಯಿಂದ ಸವರಿ ತೆಗೆದ.

ಬೇಕರಿಯಮ್ಮ ಆಮೇಲೆ ಅಳುತ್ತಾ ಹೇಳಿದಳು: ಚಳಿಗೆ ಅವಳೂ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಳು, ಬೊಗಳಿದ್ದು ಎಲ್ಲೋ ದೂರದ ಸದ್ದಿನಂತೆ ಕೇಳಿತ್ತು. ಒಮ್ಮೆ ಬಾಗಿಲು ತೆಗೆದು ನೋಡಿದ್ದಳು, ರಸ್ತೆಯಲ್ಲಿ ಅಕ್ಕ ಇರಲಿಲ್ಲ, ನಾಯಿ ತನ್ನ ಮನೆ ಬಾಗಿಲಲ್ಲಿ ಕೂತಿತ್ತು, ಹಾಗಾಗಿ ಸರಿಯಿದೆ ಎಂದುಕೊಂಡಿದ್ದಳು. “ಬಾ ಬಾ ಅಂತ ಕರೆದೆ ಅಣ್ಣ. ನಮ್ಮ ಒಲೆ ಹತ್ರ ಬಂದಿದ್ರೆ ಬದುಕ್ತಿತ್ತು. ಬರಲಿಲ್ಲ. ಬಾಗಿಲು ಬಿಟ್ಟು ಕದಲಲೇ ಇಲ್ಲ.”

ಮಾರನೆಯ ದಿನ ಬೆಳಕಾದ ಮೇಲೆ ಹಿತ್ತಿಲಲ್ಲಿ ಗುಂಡಿ ತೋಡಲು ಹೋದರೆ ನೆಲ ಕಬ್ಬಿಣವಾಗಿತ್ತು. ಬೇಕರಿಯವನು ಒಲೆಯ ಕೆಂಡ ತಂದು ಸುರಿದು ಮೇಲ್ಮಣ್ಣು ಸಡಿಲಿಸಿದ. ನೀರಣ್ಣ ಹಾರೆಯಿಂದ ಮೀಟಿ ಮೀಟಿ ತೋಡಿದ. ಬಾಯಿ ತೆರೆದರೆ ತಮಾಷೆಯೇ ಬರುತ್ತಿದ್ದ ಬೇಕರಿಯವನು ಅಂದು ಮಣ್ಣು ಮುಚ್ಚಿ, ಕೈ ಕೊಡವಿಕೊಂಡು, ತಲೆ ತಗ್ಗಿಸಿ ಹೊರಟುಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ಉಣ್ಣೆಯಕ್ಕ ತಟ್ಟೆಯ ಅಂಚಿಗೆ ಒಂದಿಷ್ಟು ಗಂಜಿ, ಬ್ರೆಡ್ಡಿನ ತುಂಡು ಸರಿಸಿ, “ಪಾಲುಗಾರಾ” ಎಂದು ಕರೆದಳು. ಸುತ್ತ ನೋಡಿದಳು. “ರೀ, ಎಲ್ಲೋದ ಇವನು? ಊಟದ ಹೊತ್ತಿಗೆ ತಪ್ಪಿಸ್ಕೊಳ್ಳೋ ಆಸಾಮಿ ಅಲ್ವಲ್ಲ.”

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳಿಬಿಟ್ಟ. ಚಿಲಕದ ವಿಷಯ ಹೇಳಲಿಲ್ಲ, ಚಳಿಗೆ ಸತ್ತ ಎಂದಷ್ಟೇ ಹೇಳಿದ. ಅವಳು ಹೆತ್ತ ಮಗುವನ್ನು ಕಳೆದುಕೊಂಡವಳಂತೆ ಎದೆ ಬಡಿದುಕೊಂಡು ಅತ್ತಳು. “ಮೈಗವಸು ಹಾಕಿರಲಿಲ್ವಾ? ನಾನೇ ಹೆಣೆದಿದ್ನಲ್ಲ, ಹಾಕಿರಲಿಲ್ವಾ?” ಎಂದು ಅವನ ಅಂಗಿ ಹಿಡಿದು ಅಲ್ಲಾಡಿಸಿದಳು. ಅತ್ತು ಅತ್ತು ಸುಸ್ತಾಗಿ ಮಲಗಿದಳು.

ಬೆಳಿಗ್ಗೆ ಎದ್ದು ತಿಂಡಿಗೆ ಕೂತಾಗ ತಟ್ಟೆಯ ಅಂಚಿಗೆ ಒಂದು ಪಾಲು ಸರಿಸಿದಳು. “ಪಾಲುಗಾರಾ.”

ಅವನು ಮತ್ತೆ ಹೇಳಿದ. ಅವಳು ಮತ್ತೆ ಅತ್ತಳು. ಮೊದಲ ಸಲದಷ್ಟೇ, ಒಂದು ಹನಿಯೂ ಕಡಿಮೆಯಿಲ್ಲದೆ. ಆ ಸಾವು ಅವಳಿಗೆ ಪ್ರತಿಸಲವೂ ಹೊಸದು. ಮೂರನೆಯ ಸಲ ಅವಳು ಕೇಳಿದಾಗ ನೀರಣ್ಣ, “ಹೊರಗೆ ಆಡೋಕೆ ಹೋಗಿದಾನೆ, ಬರ್ತಾನೆ” ಎಂದ. “ಹೌದಾ, ಹಾಗಾದ್ರೆ ಅವನ ಪಾಲು ಮುಚ್ಚಿಡಿ” ಎಂದು ತಟ್ಟೆ ಕೊಟ್ಟಳು. ಅವಳು ಆಚೆ ತಿರುಗಿದಾಗ ಆ ಪಾಲನ್ನು ಅವನೇ ತಿಂದ. ಬಿಸಾಡಿದ್ದು ಕಂಡರೆ ಅವಳು ನೊಂದುಕೊಳ್ಳುತ್ತಿದ್ದಳು, ಇಟ್ಟದ್ದು ಹಾಗೇ ಉಳಿದಿದ್ದರೆ ಹುಡುಕಲು ಹೊರಡುತ್ತಿದ್ದಳು.

ಅವಳ ತಂಗಿಯನ್ನು ಕರೆಸಿದ. ತಂಗಿ ಒಂದಷ್ಟು ದಿನ ಇದ್ದು ಹೊತ್ತುಹೊತ್ತಿಗೆ ಅಡಿಗೆ ಮಾಡಿ, ಅಕ್ಕನಿಗೆ ತಲೆ ಬಾಚಿ, ಸ್ನಾನ ಮಾಡಿಸಿದಳು. ಒಂದು ದಿನ ಉಣ್ಣೆಯಕ್ಕ ಅವಳನ್ನು, ಟ್ರಂಕು ಕದಿಯಲು ಬಂದ ಕಳ್ಳಿ ಎಂದು ಕೂಗಾಡಿ, ಸೌದೆ ಎತ್ತಿಕೊಂಡು ಬಂದಳು. ತಂಗಿಯ ಮಣಿಕಟ್ಟು ಬಾತುಹೋಯಿತು.

“ಭಾವ, ನನ್ನ ಮನೇಲೂ ಮಕ್ಕಳಿದಾರೆ” ಎಂದು ಅವಳು ಚೀಲ ಹೆಗಲಿಗೇರಿಸಿಕೊಂಡಳು. ಬಸ್ಸು ಬರುವವರೆಗೂ ಅಳುತ್ತಲೇ ಇದ್ದಳು. “ಚಿಕ್ಕವಳಿದ್ದಾಗ ಇವಳೇ ನನ್ನ ಎತ್ತಿ ಆಡಿಸಿದ್ದು. ಈಗ ಅವಳ ಕಣ್ಣು ನೋಡಿದ್ರೆ ನನಗೆ ಭಯ ಆಗುತ್ತೆ. ನಾನು ಕೆಟ್ಟವಳಾ ಭಾವ?”

“ಇಲ್ಲಮ್ಮ” ಎಂದ. ಯಾರನ್ನು ಕೆಟ್ಟವರೆನ್ನುವುದು?

ಆ ಸಂಜೆ ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು ಬಾಗಿಲ ಒಳಗಿನ ಚಿಲಕ ಕಿತ್ತ. ಒಲೆಗೆ ನೀರು ಸುರಿಯುವುದು, ಬೆಂಕಿಪೊಟ್ಟಣ, ಚಾಕು, ಕತ್ತರಿ, ಹೆಣಿಗೆಯ ಕಡ್ಡಿಗಳನ್ನು ಅಟ್ಟಕ್ಕೆ ಹಾಕುವುದು, ಇದೆಲ್ಲ ಈಗ ಅವನ ದಿನಚರಿ. ಒಲೆ ಆರಿಸಿ ಹೋದರೆ ಮನೆ ತಣ್ಣಗಾಗುತ್ತದೆ, ಉರಿಯಲು ಬಿಟ್ಟರೆ ಅವಳೇ ಸುಟ್ಟುಕೊಳ್ಳುತ್ತಾಳೆ. ಮಾರನೆಯ ಬೆಳಿಗ್ಗೆ ಒಲೆ ಆರಿಸಿ, ಅವಳಿಗೆ ಕೋಟಿನ ಮೇಲೆ ತನ್ನ ಕೋಟನ್ನೂ ಹೊದಿಸಿ, ಮೇಲೆ ಹೊದಿಕೆ ಸುತ್ತಿ, ಮಂಚದ ಮೇಲೆ ಕೂರಿಸಿದ. ಕೈಗೆ ಒಂದು ಉಣ್ಣೆಯ ಉಂಡೆ ಕೊಟ್ಟ. ಅವಳು ಅದನ್ನು ಬಿಚ್ಚಿ ಮತ್ತೆ ಸುತ್ತತೊಡಗಿದಳು. ಗೊತ್ತಿದ್ದ ಕೆಲಸಗಳಲ್ಲಿ ಅದೊಂದೇ ಉಳಿದಿತ್ತು.

“ಬೇಗ ಬರ್ತೀನಿ” ಎಂದ.

“ಹ್ಞೂಂ” ಎಂದಳು.

ಅವನು ಹೊರಗೆ ಬಂದು ಬಾಗಿಲು ಎಳೆದ. ಮದುವೆಯಾದಾಗಿನಿಂದ ಅವಳು ಒಳಗಿರುವಾಗ ಆ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದದ್ದಿಲ್ಲ. ಚಾವಿ ತಿರುಗುವ ಸದ್ದಿಗೆ ಒಳಗೆ ಕಾಲಸಪ್ಪಳ ಹತ್ತಿರ ಬಂತು.

“ಯಾರದು? ಯಾಕೆ ಬೀಗ ಹಾಕ್ತಿದೀರಿ?”

“ನಾನು ಕಣೇ. ಕೆಲಸಕ್ಕೆ ಹೋಗಿ ಬರ್ತೀನಿ.”

“ನೋಡಿ, ಯಾರಾದ್ರೂ ಸರಿ, ಬೀಗ ತೆಗೀರಿ. ನಮ್ಮೆಜಮಾನ್ರು ಬೆಳಗ್ಗೇನೇ ನೀರು ಬಿಡೋಕೆ ಹೋಗಿದಾರೆ. ಚಳೀಲಿ ಬಂದು ಹೊರಗೆ ನಿಲ್ಲಬೇಕಾಗುತ್ತೆ ಪಾಪ.”

ಅವನು ಬಾಗಿಲಿಗೆ ಹಣೆಯಿಟ್ಟು ನಿಂತ. ಮರ ತಣ್ಣಗೆ ಕೊರೆಯುತ್ತಿತ್ತು. ಅವಳು ಬಡಿಯಲಿಲ್ಲ, ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಂಚ ಕಿರುಗುಟ್ಟಿದ ಸದ್ದು ಕೇಳಿತು. ಅವನು ಚಾವಿಯನ್ನು ಬೇಕರಿಯಮ್ಮನ ಕೈಗೆ ಕೊಟ್ಟ. ಅವಳು ಅವನ ಮುಖ ನೋಡದೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಮಾರ್ಕೆಟ್ ಬೀದಿಗೆ ಬರುವಷ್ಟರಲ್ಲಿ ಹೊತ್ತಾಗಿತ್ತು. ನಲ್ಲಿಗಳ ಮುಂದೆ ಕೊಡ, ಬಕೆಟ್ಟುಗಳ ಸಾಲು. ಹೆಂಗಸರು ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಅವನು ಗುಂಡಿಯ ಮುಚ್ಚಳ ಸರಿಸಿ, ಉದ್ದ ಹಿಡಿಯ ಕಬ್ಬಿಣದ ಚಾವಿಯನ್ನು ಇಳಿಬಿಟ್ಟು ವಾಲ್ವು ತಿರುಗಿಸಿದ. ಪೈಪಿನೊಳಗೆ ಗುಡುಗುಟ್ಟಿ ನೀರು ಬಂತು.

“ಏನು ನೀರಣ್ಣ, ಇಷ್ಟೊತ್ತಿಗಾ ಬರೋದು? ಮನೇಲಿ ಬೆಚ್ಚಗೆ ಹೊದ್ಕೊಂಡು ಮಲಗಿಬಿಟ್ಟಿದ್ಯಾ?” ಎಂದು ಒಬ್ಬಳು ಕೂಗಿದಳು.

“ನಾಳೆ ಬೇಗ ಬರ್ತೀನಮ್ಮ” ಎಂದು ನೀರಣ್ಣ ಸೈಕಲ್ ಏರಿ ಮುಂದಿನ ಬೀದಿಗೆ ಹೋದ.